ಗೂಡಿನ ಕಡೆಗೆ ಬೆನ್ನು ಮಾಡಿ ನಿಲ್ಲತಕ್ಕದ್ದೆಂಬ ಆದೇಶವನ್ನು ಹಿಂಪಡೆಯುವ ಬಗ್ಗೆ

ಸುತ್ತೋಲೆ ಸಂಖ್ಯೆ: ಮೀ.ಗಿ./ದಿಕ್ಕು/7/ತಿದ್ದುಪಡಿ-4
ಸ್ಥಳ: ಕಿಲ್‌ಮೆರನ್, ಸ್ಕಾಟ್ಲೆಂಡ್
ದಿನಾಂಕ: ಜುಲೈ 24

ಇವರಿಗೆ: ಕಿಲ್‌ಮೆರನ್ ಮೀನುಗಿಡುಗ ಕಾವಲು ಬಳಗದ ಎಲ್ಲ ಸದಸ್ಯರು, ಸದಸ್ಯರಲ್ಲದಿದ್ದರೂ ದಿನಾ ಬಂದು ನಿಲ್ಲುವವರು, ಮತ್ತು ಬೇರೆಲ್ಲಿಗೋ ಹೋಗುತ್ತೇವೆಂದು ಮನೆಯಲ್ಲಿ ಹೇಳಿ ಇಲ್ಲಿಗೆ ಬರುವವರು.

ವಿಷಯ: ಲಾಖ್ ಡೂವಿ ಸರೋವರದ ದಂಡೆಯ ಪೈನ್ ಮರದ ತುದಿಯಲ್ಲಿ ಗೂಡು ಮಾಡಿರುವ ಮೀನುಗಿಡುಗಗಳನ್ನು ರಸ್ತೆಬದಿಯ ನಿಲುಗಡೆ ಜಾಗದಿಂದ ವೀಕ್ಷಿಸುವವರು ಯಾವ ದಿಕ್ಕಿಗೆ ಮುಖ ಮಾಡತಕ್ಕದ್ದು ಎಂಬ ಬಗ್ಗೆ.

ಉಲ್ಲೇಖ:
1. ಈ ಕಚೇರಿಯ ಸುತ್ತೋಲೆ, ದಿನಾಂಕ ಏಪ್ರಿಲ್ 6 (ಹಕ್ಕಿಗಳು ಆಫ್ರಿಕಾದಿಂದ ಮರಳಿರುವ ವಿಷಯವನ್ನು ಯಾರಿಗೂ ಹೇಳಬಾರದೆಂದು ಎಲ್ಲರಿಗೂ ತಿಳಿಸಿದ್ದು).
2. ಈ ಕಚೇರಿಯ ಸುತ್ತೋಲೆ, ದಿನಾಂಕ ಏಪ್ರಿಲ್ 23 (ಮೇಲಿನ ಸುತ್ತೋಲೆಯನ್ನು ಅಂಚೆ ಕಚೇರಿಯ ಕಿಟಕಿಯಿಂದ ತೆಗೆಯಲು ಸೂಚಿಸಿದ್ದು).
3. ಈ ಕಚೇರಿಯ ಸುತ್ತೋಲೆ, ದಿನಾಂಕ ಮೇ 9 (ಬೆನ್ನು ಮಾಡಿ ನಿಲ್ಲುವ ಆದೇಶ).
4. ಮಿಸೆಸ್ ಯೂಫೀಮಿಯಾ ಟಲ್ಲಕ್ ಅವರ ಮೌಖಿಕ ವರದಿ, ಜೂನ್ 27. ಅದೇ ವರದಿ, ಇನ್ನಷ್ಟು ಗಟ್ಟಿ ದನಿಯಲ್ಲಿ, ಜೂನ್ 28. ಅದೇ ವರದಿ, ಬರೀ ನೋಟದಲ್ಲಿ, ಜೂನ್ 29.
5. ಕುರಿ ಸಾಕಣೆದಾರರಾದ ಶ್ರೀ ಡೂಗಲ್ ಬೇನ್ ಅವರ ಪತ್ರ (ಮೇವಿನ ಚೀಲದ ಕಾಗದದ ಮೇಲೆ ಬರೆದದ್ದು, ದಿನಾಂಕವಿಲ್ಲ).

ಪ್ರಸ್ತಾವನೆ

ಎರಡು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಸದರಿ ಗೂಡಿನಿಂದ ಮೂರು ಮೊಟ್ಟೆಗಳು ಕಳವಾದ ಸಂಗತಿ ಎಲ್ಲರಿಗೂ ತಿಳಿದಿರುತ್ತದೆ. ಇಂಥ ಮೊಟ್ಟೆಗಳನ್ನು ಹತ್ತಿಯ ಮೇಲೆ ಜೋಡಿಸಿ, ಡ್ರಾಯರಿನಲ್ಲಿಟ್ಟು, ಬಾಗಿಲು ಹಾಕಿಕೊಂಡು ಒಬ್ಬರೇ ನೋಡಿ ಸುಖಪಡುವ ಜನರು ಈ ದೇಶದಲ್ಲಿ ಇನ್ನೂ ಇದ್ದಾರೆ. ಕಳ್ಳನು ಸಿಕ್ಕಿರುವುದಿಲ್ಲ. ಆದರೆ ಕಳ್ಳನಿಗೆ ಗೂಡು ಹೇಗೆ ಸಿಕ್ಕಿತೆಂಬುದು ವಿಚಾರಣೆಯಿಂದ ಹೊರಬಿದ್ದಿರುತ್ತದೆ. ಆ ದಿನಗಳಲ್ಲಿ ನಿಲುಗಡೆ ಜಾಗದಲ್ಲಿ ಮೂವತ್ತೊಂದು ಮಂದಿ ಮೂವತ್ತೊಂದು ದುರ್ಬೀನುಗಳನ್ನು ಒಂದೇ ಮರಕ್ಕೆ ಗುರಿಯಿಟ್ಟು ನಿಂತಿದ್ದು, ಗೂಡಿನ ಜಾಗ ಗುಟ್ಟಾಗಿದೆ ಎಂದು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದರು.

ಮೊಟ್ಟೆಗಳು ಹೋದ ಮೇಲೆ ಹೆಣ್ಣು ಹಕ್ಕಿಯು ಖಾಲಿ ಗೂಡಿನಲ್ಲಿ ಹನ್ನೊಂದು ದಿನ ಕಾವಿಗೆ ಕೂತಿತ್ತು. ಕೆಳಗೆ ಸಹಿ ಮಾಡಿರುವ ಸಹಾಯಕ ಅಧಿಕಾರಿ ಲಾಕ್ಲನ್ ಪಿಟ್‌ಕೆಥ್ಲಿ (ಇನ್ನು ಮುಂದೆ 'ಕೆಳಸಹಿದಾರರು') ಆ ಹನ್ನೊಂದು ದಿನವೂ ಕಚೇರಿಗೆ ಹೋಗುವ ದಾರಿಯಲ್ಲಿ ಅದನ್ನು ನೋಡಿದ್ದರು. ಈ ಮಾತು ಸುತ್ತೋಲೆಯಲ್ಲಿ ಬರಬೇಕೇ ಬೇಡವೇ ಎಂದು ಯೋಚಿಸಿ, ಮೇ 9ರ ಆದೇಶಕ್ಕೆ ಬೇರೆ ಕಾರಣ ಇಲ್ಲದ ಪ್ರಯುಕ್ತ, ಸೇರಿಸಲಾಗಿದೆ.

ಮೇ 9ರ ಆದೇಶದ ಸಾರಾಂಶ: ಗೂಡು ಇರುವುದು ದಕ್ಷಿಣಕ್ಕೆ. ಆದ್ದರಿಂದ ಯಾವ ಸದಸ್ಯರೂ ದಕ್ಷಿಣಕ್ಕೆ ನೋಡತಕ್ಕದ್ದಲ್ಲ. ಎಲ್ಲರೂ ತಮ್ಮ ದುರ್ಬೀನುಗಳನ್ನು ಉತ್ತರಕ್ಕೆ, ಶ್ರೀ ಡೂಗಲ್ ಬೇನ್ ಅವರ ಕುರಿ ಕೊಟ್ಟಿಗೆಯ ಕಡೆಗೆ ತಿರುಗಿಸಿ, ಅಲ್ಲೇನೋ ಇದೆಯೆಂಬ ಮುಖಭಾವದಿಂದ ನಿಲ್ಲತಕ್ಕದ್ದು. ಪ್ರತಿ ಪಾಳಿಯಲ್ಲಿ ಒಬ್ಬ ಸದಸ್ಯರು ಮಾತ್ರ ಗಂಟೆಗೊಮ್ಮೆ, ಕತ್ತು ಹಿಡಿದುಕೊಂಡವರಂತೆ ನಟಿಸಿ, ಒಂದು ಸಲ ಹಿಂದಿರುಗಿ ಗೂಡನ್ನು ನೋಡಿಕೊಳ್ಳಬಹುದು. ಆ ಸದಸ್ಯರನ್ನು 'ಕತ್ತಿನ ಸದಸ್ಯರು' ಎಂದು ಕರೆಯತಕ್ಕದ್ದು.

ಆದೇಶದ ಪಾಲನೆಯು ನೂರಕ್ಕೆ ನೂರರಷ್ಟು ಆಗಿರುತ್ತದೆ ಎಂಬುದನ್ನು ವಿಷಾದದಿಂದ ದಾಖಲಿಸಲಾಗಿದೆ. ಕತ್ತಿನ ಸದಸ್ಯರ ಪಾಳಿಪಟ್ಟಿಯನ್ನು ಕೆಳಸಹಿದಾರರೇ ಸಿದ್ಧಪಡಿಸಿ, ಅದು ಕಳ್ಳರ ಕೈಗೆ ಸಿಗಬಾರದೆಂದು 'ಗೌಪ್ಯ' ಎಂಬ ಮೊಹರು ಒತ್ತಿ, ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದರು. ಪಟ್ಟಿಯಲ್ಲಿ ಹೆಸರಿರುವವರಿಗೂ ಅದನ್ನು ತೋರಿಸಿರುವುದಿಲ್ಲ. ಹೀಗಾಗಿ ನಲವತ್ತೊಂಬತ್ತು ದಿನಗಳ ಕಾಲ ಪ್ರತಿಯೊಬ್ಬರೂ ಕತ್ತಿನ ಸದಸ್ಯರು ಪಕ್ಕದವರೆಂದು ತಿಳಿದು, ಪಾಳಿ ಮುಗಿಯುವಾಗ ಕಾವಲು ಪುಸ್ತಕದಲ್ಲಿ ಹಿಂದಿನ ಪಾಳಿಯವರು ಬರೆದದ್ದನ್ನೇ ನೋಡಿ 'ಎಲ್ಲವೂ ಎಂದಿನಂತೆ' ಎಂದು ಬರೆದು ಸಹಿ ಹಾಕಿರುತ್ತಾರೆ. ಮೊಟ್ಟೆ ಒಡೆದು ಮರಿಗಳು ಹೊರಬಂದ ದಿನವೂ ಎಲ್ಲವೂ ಎಂದಿನಂತೆ ಇತ್ತು.

ಈ ಮಧ್ಯೆ ಶ್ರೀ ಬೇನ್ ಅವರ ಕೊಟ್ಟಿಗೆಯು ಹೆಸರುವಾಸಿಯಾಯಿತು. ಇಷ್ಟು ಜನ ನೋಡುತ್ತಿರುವಾಗ ಅಲ್ಲಿ ಏನಾದರೂ ಇರಲೇಬೇಕೆಂದು ಹತ್ತಿರದ ಪರ್ತ್ ಪಟ್ಟಣದಿಂದ ಒಂದು ಬಸ್ಸು ಬಂದು ಹೋಗಿರುತ್ತದೆ. ಕೊಟ್ಟಿಗೆಯ ಸೂರಿನ ಮೇಲೆ ಕೆಂಪು ಕೊಕ್ಕಿನ ಕಡಲಹಕ್ಕಿಯೊಂದು ಮೊಟ್ಟೆ ಇಟ್ಟಿದ್ದು ಪತ್ತೆಯಾಗಿ, ಹನ್ನೆರಡು ಮಂದಿ ಸದಸ್ಯರು ಅದರ ಮೇಲೆ ನಿಜವಾಗಿಯೂ ಮಮತೆ ಬೆಳೆಸಿಕೊಂಡಿರುತ್ತಾರೆ. ಶ್ರೀ ಬೇನ್ ಅವರ ಪತ್ರದ ಸಂಬಂಧಪಟ್ಟ ಭಾಗವನ್ನು ಇದ್ದಂತೆಯೇ ನೀಡಲಾಗಿದೆ: "ಸ್ವಾಮಿ, ದಿನಾ ನಲವತ್ತು ಜನ ದುರ್ಬೀನು ಹಿಡ್ಕಂಡು ನನ್ನ ಕುರೀನೇ ನೋಡ್ತಾ ನಿಂತವ್ರೆ. ಕುರಿಗೆ ಮೇಯಕ್ಕೂ ನಾಚಿಕೆ ಆಗ್ತೈತೆ. ನನ್ನ ಹೆಂಡ್ತಿ ಹಿಂದಿನ ಬಾಗಿಲಿಂದ ಓಡಾಡೋದು ಬಿಟ್ಟವ್ಳೆ. ಒಂದಿನ ನಾನೇ ಹೋಗಿ ನಿಂತ್ಕಂಡು ನೋಡ್ದೆ, ಏನೈತೆ ಅಂತ. ಏನೂ ಇಲ್ಲ. ಆದ್ರೆ ಅರ್ಧ ಗಂಟೆ ನೋಡ್ದೆ."

ಮಿಸೆಸ್ ಟಲ್ಲಕ್ ಅವರ ವರದಿ

ಮಿಸೆಸ್ ಟಲ್ಲಕ್ ಅವರು ಎಪ್ಪತ್ನಾಲ್ಕು ವರ್ಷದವರಿದ್ದು, ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತರಾಗಿರುತ್ತಾರೆ. ಕೆಳಸಹಿದಾರರೂ ಸೇರಿದಂತೆ ಈ ಕಣಿವೆಯ ಬಹುಪಾಲು ಜನರು ಅವರ ಬಸ್ಸಿನಲ್ಲಿಯೇ ಶಾಲೆಗೆ ಹೋಗಿರುತ್ತಾರೆ. ಸದರಿಯವರು ನಿಲುಗಡೆ ಜಾಗದಲ್ಲಿ ತಮ್ಮ ವ್ಯಾನನ್ನು ಉತ್ತರಕ್ಕೆ ಮುಖಮಾಡಿ ನಿಲ್ಲಿಸಿ, ತಾವೂ ಉತ್ತರಕ್ಕೆ ಮುಖಮಾಡಿ ಕೂತು, ವ್ಯಾನಿನ ಪಕ್ಕದ ಕನ್ನಡಿಯನ್ನು ದುರ್ಬೀನಿನಿಂದ ನೋಡುತ್ತಿದ್ದರು. ಕನ್ನಡಿಯಲ್ಲಿ ಗೂಡು ಕಾಣುತ್ತಿತ್ತು. ಬಸ್ಸಿನಲ್ಲಿ ಹಿಂದಿನ ಸೀಟಿನವರನ್ನು ಗಮನಿಸಿ ಗಮನಿಸಿ ತಮಗೆ ಇದೇ ರೂಢಿಯಾಗಿದೆ ಎಂದು ಅವರು ತಿಳಿಸಿರುತ್ತಾರೆ.

ಜೂನ್ 27ರಂದು ಸದರಿಯವರು ಕಚೇರಿಗೆ ಬಂದು, ಮೂರು ಮರಿಗಳ ಪೈಕಿ ಚಿಕ್ಕದರ ಬಲಗಾಲಿಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹುರಿ ಸುತ್ತಿಕೊಂಡಿದೆ, ಉಳಿದೆರಡು ಎದ್ದು ನಿಂತು ರೆಕ್ಕೆ ಚಾಚುವಾಗ ಇದು ಕೂತೇ ಇರುತ್ತದೆ ಎಂದು ವರದಿ ಮಾಡಿದರು. ಗೂಡು ಮೆತ್ತಗಾಗಲೆಂದು ತಂದೆ ತಾಯಿ ಹಕ್ಕಿಗಳು ಹೊಲದಲ್ಲಿ ಸಿಕ್ಕಿದ್ದನ್ನೆಲ್ಲ ತಂದು ಹಾಸುತ್ತವೆ. ಹುಲ್ಲಿನ ಪಿಂಡಿ ಬಿಗಿಯುವ ಹುರಿಯೂ ಹಾಗೆಯೇ ಹೋಗಿರುತ್ತದೆ. ಮರಿಯ ಕಾಲು ದಿನದಿಂದ ದಿನಕ್ಕೆ ದಪ್ಪವಾಗುತ್ತದೆ, ಹುರಿ ಸಡಿಲವಾಗುವುದಿಲ್ಲ.

ಕೆಳಸಹಿದಾರರು ಸದರಿಯವರಿಗೆ ನಮೂನೆ 2-ಬಿ ನೀಡಿದರು. ನಮೂನೆಯ ಮೂರನೇ ಕಾಲಂ 'ಮಾಹಿತಿ ಹೇಗೆ ಲಭ್ಯವಾಯಿತು' ಎಂದಿದ್ದು, ಅದನ್ನು ತುಂಬಿದರೆ ಮೇ 9ರ ಆದೇಶದ ಉಲ್ಲಂಘನೆಯನ್ನು ಒಪ್ಪಿಕೊಂಡಂತೆ ಆಗುತ್ತಿತ್ತು. ತುಂಬದಿದ್ದರೆ ಅರ್ಜಿಯು ಅಪೂರ್ಣವಾಗುತ್ತಿತ್ತು. ಇದಕ್ಕೆ ಮಿಸೆಸ್ ಟಲ್ಲಕ್ ಅವರು, "ನಿನ್ನ ಆರ್ಡರಲ್ಲಿ ಮುಖದ ವಿಷಯ ಇದೆ ಮಗಾ, ಕಣ್ಣಿನ ವಿಷಯ ಇಲ್ಲ. ನನ್ನ ಮುಖ ಉತ್ತರಕ್ಕೇ ಇತ್ತು. ಈಗ ಫೋನ್ ಎತ್ತು" ಎಂದು ಹೇಳಿಕೆ ನೀಡಿದರು.

ಕೆಳಸಹಿದಾರರು ಫೋನ್ ಎತ್ತಲಿಲ್ಲ. ಮುಖದಲ್ಲಿ ಕಣ್ಣು ಸೇರುತ್ತದೆಯೇ ಎಂಬ ಬಗ್ಗೆ ಅವರು ಮೇಲಧಿಕಾರಿಗಳ ಅಭಿಪ್ರಾಯ ಕೇಳಿ ಪತ್ರ ಬರೆದರು. ಈ ಅವಧಿಯಲ್ಲಿ ಎರಡು ದಿನಗಳು ಕಳೆದವು. ಮೇಲಧಿಕಾರಿಗಳು ರಜೆಯಲ್ಲಿದ್ದರು.

ಜೂನ್ 29ರಂದು ಮಿಸೆಸ್ ಟಲ್ಲಕ್ ಅವರು ಮತ್ತೆ ಬಂದು, ಮೇಜಿನ ಎದುರು ನಿಂತು, ಕೆಳಸಹಿದಾರರನ್ನು ನೋಡಿದರು. ಕೆಳಸಹಿದಾರರು ಎದ್ದು, ಕೋಟು ಹಾಕಿಕೊಂಡು, ಅವರೊಂದಿಗೆ ವ್ಯಾನಿನಲ್ಲಿ ಹೋಗಿ, ಉತ್ತರಕ್ಕೆ ಮುಖಮಾಡಿ ಕೂತು ಕನ್ನಡಿಯನ್ನು ನೋಡಿದರು. ನಂತರ ಕೆಳಗಿಳಿದು, ನಲವತ್ತು ಸದಸ್ಯರ ಎದುರಿಗೇ, ದಕ್ಷಿಣಕ್ಕೆ ತಿರುಗಿ ನೋಡಿದರು. ಹುರಿ ಇತ್ತು. ಕನ್ನಡಿಯಲ್ಲಿ ಬಲಗಾಲಾಗಿದ್ದದ್ದು ಎಡಗಾಲಾಗಿತ್ತು. ಉಳಿದದ್ದೆಲ್ಲ ವರದಿಯಂತೆಯೇ ಇತ್ತು. ಕೆಳಸಹಿದಾರರು ಕಚೇರಿಗೆ ಮರಳಿ ಫೋನ್ ಎತ್ತಿದರು.

ಗೂಡು ಮುಟ್ಟಲು ಪರವಾನಗಿ ಪಡೆದ ಮಿಸ್ ಶೋನಾ ಗಿಲ್‌ಫಿಲ್ಲನ್ ಅವರು ಮಾರನೆಯ ದಿನ ಬೆಳಿಗ್ಗೆ ಬಂದು, ಹಗ್ಗ ಕಟ್ಟಿ ಮರ ಹತ್ತಿ, ಹುರಿ ಕತ್ತರಿಸಿ, ಗಾಯಕ್ಕೆ ಔಷಧ ಹಚ್ಚಿ, ಮೂರೂ ಮರಿಗಳಿಗೆ ಗುರುತಿನ ಉಂಗುರ ತೊಡಿಸಿ ಇಳಿದರು. ತಾಯಿ ಹಕ್ಕಿಯು ಇಪ್ಪತ್ತಾರು ನಿಮಿಷ ಮೇಲೆ ಸುತ್ತುತ್ತಾ ಅವರನ್ನು ಬೈದಿತು. ಕಾಲು ಉಳಿಯುತ್ತದೆಯೇ ಎಂದು ಕೆಳಸಹಿದಾರರು ಕೇಳಿದ್ದಕ್ಕೆ ಅವರು, "ಉಳಿಯುತ್ತೆ. ಹಿಡಿತ ಬರುತ್ತೋ ಇಲ್ವೋ ಹೇಳಕ್ಕಾಗಲ್ಲ. ಎರಡು ದಿನ ಮುಂಚೆ ಕರೆದಿದ್ರೆ ಹೇಳ್ಬಹುದಿತ್ತು" ಎಂದರು. ಇದನ್ನು ಅವರು ದೂರಿನ ದನಿಯಲ್ಲಿ ಹೇಳಿರುವುದಿಲ್ಲ. ಹಗ್ಗ ಸುತ್ತಿಡುತ್ತಾ ಹೇಳಿರುತ್ತಾರೆ.

ಕತ್ತರಿಸಿದ ಹುರಿಯನ್ನು ನೋಡಲು ಬಂದ ಶ್ರೀ ಬೇನ್ ಅವರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ದಾಖಲೆಯಲ್ಲಿ 'ಅಪರಿಚಿತ ಮೂಲದ ಹುರಿ' ಎಂದು ಬರೆಯುವುದಾಗಿ ಕೆಳಸಹಿದಾರರು ಸೌಜನ್ಯದಿಂದ ಹೇಳಿದಾಗ ಅವರು, "ಹಂಗೆಲ್ಲ ಬರೀಬ್ಯಾಡಿ. ನಂದೇ ಅದು. ನನ್ನ ಹೆಸ್ರೇ ಹಾಕಿ" ಎಂದರು. ಅದರಂತೆ ಹಾಕಲಾಗಿದೆ. ಅಂದಿನಿಂದ ಅವರು ಸಂಜೆ ಹೊತ್ತು ಹೊಲಗಳಲ್ಲಿ ಬಗ್ಗಿಕೊಂಡು ನಡೆಯುತ್ತಿರುವುದು ಕಂಡುಬಂದಿದ್ದು, ಈವರೆಗೆ ಎರಡು ಚೀಲ ಹುರಿ ಆರಿಸಿರುತ್ತಾರೆ.

ಪ್ರಸ್ತುತ ಸ್ಥಿತಿ: ದೊಡ್ಡ ಮರಿಗಳೆರಡು ಜುಲೈ 18 ಮತ್ತು 19ರಂದು ಹಾರಿರುತ್ತವೆ. ಚಿಕ್ಕದು ಹಾರಿರುವುದಿಲ್ಲ. ಗೂಡಿನ ಅಂಚಿಗೆ ಬಂದು, ಎಡಗಾಲನ್ನು ಎತ್ತಿ ಇಟ್ಟು, ಎತ್ತಿ ಇಟ್ಟು, ಹಿಂದಕ್ಕೆ ಹೋಗುತ್ತದೆ.

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಗಿನಂತೆ ಸೂಚಿಸಲಾಗಿದೆ.

ಸೂಚನೆಗಳು

1. ಮೇ 9ರ ಆದೇಶವನ್ನು ಈ ಮೂಲಕ ಹಿಂಪಡೆಯಲಾಗಿದೆ. ಜೂನ್ 29ರಿಂದ ಹಲವರು ಆದೇಶವಿಲ್ಲದೆಯೇ ದಕ್ಷಿಣಕ್ಕೆ ತಿರುಗಿರುತ್ತಾರೆ; ಇನ್ನು ಮುಂದೆ ಎಲ್ಲರೂ ದಕ್ಷಿಣಕ್ಕೆ ನೋಡತಕ್ಕದ್ದು. ಎರಡು ತಿಂಗಳಿಂದ ಉತ್ತರಕ್ಕೆ ರೂಢಿಯಾಗಿರುವ ಕತ್ತುಗಳಿಗೆ ಮೂರು ದಿನಗಳ ಕಾಲಾವಕಾಶ ನೀಡಲಾಗಿದೆ. ತಿರುಗುವಾಗ ಪೂರ್ವದ ಮೂಲಕ ತಿರುಗತಕ್ಕದ್ದು. ಪಶ್ಚಿಮದಲ್ಲಿ ಶ್ರೀ ಬೇನ್ ಅವರ ಸ್ನಾನದ ಮನೆಯ ಕಿಟಕಿ ಇರುತ್ತದೆ.

2. ಕೊಟ್ಟಿಗೆ ಸೂರಿನ ಕಡಲಹಕ್ಕಿಯ ಮೇಲೆ ಮಮತೆ ಬೆಳೆಸಿಕೊಂಡಿರುವ ಹನ್ನೆರಡು ಸದಸ್ಯರು ಮಂಗಳವಾರ ಮಧ್ಯಾಹ್ನ 2ರಿಂದ 4ರವರೆಗೆ ಉತ್ತರಕ್ಕೆ ನೋಡಲು ಅರ್ಜಿ ಸಲ್ಲಿಸಬಹುದು. 4 ಗಂಟೆಗೆ ಮತ್ತೆ ದಕ್ಷಿಣಕ್ಕೆ ತಿರುಗಲು ಬೇರೆ ಅರ್ಜಿ ಬೇಕಾಗಿರುವುದಿಲ್ಲ; ಆದರೆ ತಿರುಗದೇ ಉಳಿಯಲು ಬೇಕಾಗುತ್ತದೆ. ಅದರ ಮರಿಗಳು ಸೂರಿಳಿದು ಹೋಗಿ ಎರಡು ವಾರ ಆಗಿದ್ದು, ಈ ಹನ್ನೆರಡು ಮಂದಿ ಈಗ ಖಾಲಿ ಸೂರನ್ನು ನೋಡುತ್ತಿದ್ದಾರೆಂಬುದನ್ನು ಅವರಿಗೆ ಹೇಗೆ ತಿಳಿಸಬೇಕೆಂಬ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.

3. ಗೂಡಿನ ಜಾಗ ಗುಟ್ಟಾಗಿಯೇ ಉಳಿಯತಕ್ಕದ್ದು. ಏನು ನೋಡುತ್ತಿದ್ದೀರಿ ಎಂದು ದಾರಿಹೋಕರು ಕೇಳಿದಲ್ಲಿ 'ಮೋಡ' ಎಂದು ಉತ್ತರಿಸತಕ್ಕದ್ದು. ಮೋಡವಿಲ್ಲದ ದಿನ 'ಮೋಡ ಬರುತ್ತದೆಂದು ಕಾಯುತ್ತಿದ್ದೇವೆ' ಎನ್ನತಕ್ಕದ್ದು. ಇಲ್ಲಿಯವರಿಗೆ ಇದರಲ್ಲಿ ಯಾವ ಅನುಮಾನವೂ ಬರುವುದಿಲ್ಲ.

4. ಕಾವಲು ಪುಸ್ತಕದಲ್ಲಿ 'ಎಲ್ಲವೂ ಎಂದಿನಂತೆ' ಎಂದು ಬರೆಯುವುದನ್ನು ನಿಷೇಧಿಸಲಾಗಿದೆ. ಕಂಡದ್ದನ್ನು ಬರೆಯತಕ್ಕದ್ದು. ಏನೂ ಕಾಣದಿದ್ದಲ್ಲಿ, ಕಾಣದೇ ಇದ್ದ ಐದು ಸಂಗತಿಗಳನ್ನು ಬರೆಯತಕ್ಕದ್ದು. ಜುಲೈ 12ರಂದು ಸದಸ್ಯರೊಬ್ಬರು 'ಆನೆ ಕಾಣಲಿಲ್ಲ' ಎಂದು ಬರೆದಿದ್ದು, ಅದು ಸತ್ಯವಾದ ಕಾರಣ ಅಂಗೀಕರಿಸಲಾಗಿದೆ. ಆದರೆ ಮುಂದಿನ ಪಾಳಿಯವರು ಅದನ್ನೇ ನೋಡಿ ಬರೆಯತಕ್ಕದ್ದಲ್ಲ.

5. ಗಂಡು ಹಕ್ಕಿಯು ಮೀನು ತಂದಾಗ ಅದರ ಗಾತ್ರದ ಬಗ್ಗೆ ಕೈಯಗಲಿಸಿ ತೋರಿಸುವವರು ಅಕ್ಕಪಕ್ಕ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಇದರಿಂದ ಈ ಹಂಗಾಮಿನಲ್ಲಿ ಎರಡು ಕನ್ನಡಕಗಳು ಮತ್ತು ಒಂದು ಫ್ಲಾಸ್ಕು ಒಡೆದಿರುತ್ತವೆ. ಪ್ರತಿ ಬಾರಿ ಹೇಳುವಾಗಲೂ ಮೀನು ದೊಡ್ಡದಾಗುತ್ತಾ ಹೋಗತಕ್ಕದ್ದಲ್ಲ.

6. ಪಿಸುಮಾತು ಎಂದರೆ ಪಕ್ಕದವರು 'ಏನಂದ್ರಿ?' ಎಂದು ಕೇಳುವಷ್ಟು ಮೆಲ್ಲನೆಯ ಮಾತು. ದಂತವೈದ್ಯರಾದ ಡಾ. ಆಲ್ಪಿನ್ ರೆಟ್ರೇ ಅವರ ಪಿಸುಮಾತು ಸರೋವರದ ಆಚೆ ದಡದ ಮೀನುಗಾರರಿಗೆ ಕೇಳಿಸಿದ್ದು, ಅವರು ಅಲ್ಲಿಂದಲೇ ಉತ್ತರಿಸಿರುತ್ತಾರೆ. ಸದರಿ ವೈದ್ಯರು ಇನ್ನು ಮುಂದೆ ತಮಗನ್ನಿಸಿದ್ದನ್ನು ಚೀಟಿಯಲ್ಲಿ ಬರೆದು ತೋರಿಸತಕ್ಕದ್ದು. ಅಕ್ಷರ ಓದಲು ಬರುವುದಿಲ್ಲವೆಂಬ ದೂರುಗಳನ್ನು ಸ್ವೀಕರಿಸಲಾಗುವುದಿಲ್ಲ.

7. ನುಸಿ ಕಚ್ಚಿದಾಗ ಒಂದೇ ಕೈಯಿಂದ ಹೊಡೆದುಕೊಳ್ಳತಕ್ಕದ್ದು. ಎರಡು ಕೈ ಸೇರಿಸಿ ಹೊಡೆದಾಗ ಹಕ್ಕಿ ಏನೋ ಸಾಧಿಸಿತೆಂದು ತಿಳಿದು ಉಳಿದವರೂ ಚಪ್ಪಾಳೆ ತಟ್ಟಿರುತ್ತಾರೆ.

8. ಚಿಕ್ಕ ಮರಿಯು ರೆಕ್ಕೆ ಬಡಿದಾಗ ಸದಸ್ಯರು ತಮ್ಮ ತೋಳುಗಳನ್ನು ಬಡಿಯತಕ್ಕದ್ದಲ್ಲ. ಜುಲೈ 21ರಂದು ಹದಿನಾಲ್ಕು ಮಂದಿ ಹೀಗೆ ಬಡಿದು, ಬ್ರೆಡ್ಡಿನ ಗಾಡಿಯವನು ಅಪಘಾತವೆಂದು ತಿಳಿದು ಗಾಡಿ ನಿಲ್ಲಿಸಿ ಓಡಿಬಂದಿರುತ್ತಾನೆ. ವಿಷಯ ತಿಳಿದ ಮೇಲೆ ಹದಿನೈದು ಮಂದಿಯಾದರು. ಕೆಳಸಹಿದಾರರು ಆ ಹದಿನಾಲ್ಕರಲ್ಲಿ ಒಬ್ಬರೆಂಬುದನ್ನು ಈ ಕಲಮಿನ ಪ್ರಾಮಾಣಿಕತೆಯ ದೃಷ್ಟಿಯಿಂದ ನಮೂದಿಸಲಾಗಿದೆ.

9. ಮಿಸೆಸ್ ಟಲ್ಲಕ್ ಅವರ ವ್ಯಾನಿನ ಕನ್ನಡಿಯನ್ನು ವೀಕ್ಷಣಾ ಉಪಕರಣವೆಂದು ಮಾನ್ಯ ಮಾಡಲಾಗಿದೆ. ಆದರೆ ಇದನ್ನು ಕಂಡು ಕ್ಷೌರದ ಕನ್ನಡಿಗಳನ್ನು ತಂದಿರುವ ಮೂವರು ಸದಸ್ಯರು ಅವನ್ನು ವಾಪಸು ಒಯ್ಯತಕ್ಕದ್ದು. ಶ್ರೀ ಬೇನ್ ಅವರ ನಾಯಿಯು ಬಿಸಿಲಿನ ಚುಕ್ಕೆಯ ಬೆನ್ನಟ್ಟಿ ಕುರಿಗಳನ್ನು ಪಕ್ಕದ ಊರಿಗೆ ಬಿಟ್ಟುಬಂದಿರುತ್ತದೆ.

10. ಈ ನಾಡಿನಲ್ಲಿ ಹುಟ್ಟಿದ ಮೀನುಗಿಡುಗಕ್ಕೆ ಎಡಗಾಲಿಗೂ, ಇಂಗ್ಲೆಂಡಿನಲ್ಲಿ ಹುಟ್ಟಿದ್ದಕ್ಕೆ ಬಲಗಾಲಿಗೂ ಬಣ್ಣದ ಉಂಗುರ ತೊಡಿಸುವುದು ರೂಢಿ. ಚಿಕ್ಕ ಮರಿಯ ಎಡಗಾಲು ಊದಿಕೊಂಡಿದ್ದ ಕಾರಣ ಅದರ ಉಂಗುರವನ್ನು ಬಲಗಾಲಿಗೆ ತೊಡಿಸಲಾಗಿದೆ. ಈ ಒಂದೇ ಕಾರಣಕ್ಕೆ ಅದನ್ನು ಇಂಗ್ಲೆಂಡಿನದೆಂದು ಪರಿಗಣಿಸತಕ್ಕದ್ದಲ್ಲ. ಈ ಬಗ್ಗೆ ಗ್ರಾಮ ಭವನದಲ್ಲಿ ನಡೆದ ತುರ್ತು ಸಭೆಯಲ್ಲಿ, ಮುಂದೆಂದೋ ಅದು ಆಫ್ರಿಕಾದಲ್ಲಿ ಯಾರದೋ ಕಣ್ಣಿಗೆ ಬಿದ್ದು ತಪ್ಪಾಗಿ ದಾಖಲಾಗಬಹುದೆಂಬ ಕಳವಳ ವ್ಯಕ್ತವಾಗಿದ್ದು, ಎರಡೂವರೆ ಗಂಟೆಗಳ ಚರ್ಚೆಯ ನಂತರ, ಮೊದಲು ಅದು ಆಫ್ರಿಕಾ ತಲುಪಲಿ ಎಂದು ಮಿಸೆಸ್ ಟಲ್ಲಕ್ ಹೇಳಿದ ಮೇಲೆ ಸಭೆಯನ್ನು ಮುಕ್ತಾಯಗೊಳಿಸಲಾಗಿದೆ.

11. ಬರವಣಿಗೆಯಲ್ಲಿ ಮರಿಗಳನ್ನು ಉಂಗುರದ ಸಂಖ್ಯೆಯಿಂದಲೇ ಕರೆಯತಕ್ಕದ್ದು. ಚಿಕ್ಕ ಮರಿಯನ್ನು ಸದಸ್ಯರು 'ಚಿಕ್ಕೋಳು' ಎಂದು ಕರೆಯುತ್ತಿರುವುದು ಗಮನಕ್ಕೆ ಬಂದಿದೆ. ಬಾಯಿಮಾತಿನ ಮೇಲೆ ಈ ಕಚೇರಿಗೆ ಅಧಿಕಾರವಿಲ್ಲ.

12. ಹಕ್ಕಿಯೊಂದು ತೊಂದರೆಯಲ್ಲಿದೆ ಎಂದು ಯಾರೇ ವರದಿ ಮಾಡಿದಲ್ಲಿ, ಮೊದಲು ಫೋನ್ ಎತ್ತತಕ್ಕದ್ದು. ನಂತರ ಕೋಟು ಹಾಕಿಕೊಳ್ಳತಕ್ಕದ್ದು. ನಮೂನೆ 2-ಬಿಯನ್ನು ಎಲ್ಲ ಮುಗಿದ ಮೇಲೆ ತುಂಬಬಹುದು. ತುಂಬದಿದ್ದರೂ ಆಗುತ್ತದೆ. ಮುಖದಲ್ಲಿ ಕಣ್ಣು ಸೇರುತ್ತದೆಯೇ ಎಂಬ ಬಗ್ಗೆ ರಜೆಯಿಂದ ಮರಳಿದ ಮೇಲಧಿಕಾರಿಗಳು 'ಪರಿಶೀಲನೆಯಲ್ಲಿದೆ' ಎಂದು ತಿಳಿಸಿದ್ದು, ಆ ಉತ್ತರಕ್ಕಾಗಿ ಕಾಯತಕ್ಕದ್ದಲ್ಲ. ಮೇಲೆ ಹೇಳಿದ ಎರಡು ದಿನಗಳ ವಿಳಂಬಕ್ಕೆ ಯಾವ ಸದಸ್ಯರೂ ಜವಾಬ್ದಾರರಲ್ಲ. ಅದಕ್ಕೆ ಕೆಳಸಹಿದಾರರೇ ಜವಾಬ್ದಾರರು. ಈ ವಾಕ್ಯದಲ್ಲಿ ಮೊದಲು 'ಕಚೇರಿಯೇ ಜವಾಬ್ದಾರಿ' ಎಂದಿದ್ದುದನ್ನು ಹೊಡೆದು ತಿದ್ದಲಾಗಿದೆ.

13. ಚಿಕ್ಕ ಮರಿಯು ಹಾರುವವರೆಗೆ ಬೆಳಿಗ್ಗೆ 5ರಿಂದ ಕತ್ತಲಾಗುವವರೆಗೆ ಎಲ್ಲ ಪಾಳಿಗಳೂ ತಪ್ಪದೇ ನಡೆಯತಕ್ಕದ್ದು. ಬೆಳಗಿನ ಪಾಳಿಯನ್ನು ಕೆಳಸಹಿದಾರರೇ ನೋಡಿಕೊಳ್ಳುವರು. ಮರಿ ಹಾರುವ ಮುನ್ನವೇ ಹಾರಿತೆಂದು ಉತ್ಸಾಹದಿಂದ ಬರೆಯತಕ್ಕದ್ದಲ್ಲ. ಗೂಡಿನಲ್ಲಿ ಎದ್ದ ಗಾಳಿಗೆ ಒಂದು ಗೇಣು ಮೇಲೇರಿ ಅಲ್ಲೇ ಇಳಿದರೆ ಅದನ್ನು ಹಾರಾಟವೆಂದು ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಯಾರ ಕಣ್ಣಾದರೂ ಒದ್ದೆಯಾದಲ್ಲಿ ಗಾಳಿಯ ಮೇಲೆ ಹಾಕಬಹುದು.

14. ಚಿಕ್ಕ ಮರಿಯು ಹಾರದೇ ಉಳಿದಲ್ಲಿ ಅನುಸರಿಸಬೇಕಾದ ಕ್ರಮಗಳು:

(ಈ ಕಲಮನ್ನು ಮೂರು ಬಾರಿ ಬರೆಯಲು ಪ್ರಯತ್ನಿಸಲಾಗಿದೆ. ಖಾಲಿ ಬಿಡಲಾಗಿದೆ.)

ಮೇಲ್ಕಂಡ ಸೂಚನೆಗಳು ಸದಸ್ಯರಿಗೆ ಅರ್ಥವಾಗದಿದ್ದಲ್ಲಿ ಕಚೇರಿಗೆ ಬರುವ ಅಗತ್ಯವಿಲ್ಲ. ನಿಲುಗಡೆ ಜಾಗಕ್ಕೆ ಬಂದು ಕೇಳಬಹುದು.

(ಸಹಿ)
ಲಾಕ್ಲನ್ ಪಿಟ್‌ಕೆಥ್ಲಿ
ಸಹಾಯಕ ಅಧಿಕಾರಿ (ರಸ್ತೆಬದಿ, ಬೇಲಿ ಮತ್ತು ಹಕ್ಕಿಗಳು)

ಪ್ರತಿಗಳು (ಪ್ರತಿ ತೆಗೆಯುವ ಯಂತ್ರ ಕೆಟ್ಟಿದ್ದ ಕಾರಣ ಜುಲೈ 26ರಂದು ಕೈಯಾರೆ ಹಂಚಲಾಗಿದೆ):

1. ಮೇಲಧಿಕಾರಿಗಳಿಗೆ, ಅವಗಾಹನೆಗಾಗಿ. 12ನೇ ಕಲಮಿನ ಕೆಳಗೆ ಗೆರೆ ಎಳೆಯಲಾಗಿದೆ. ಆಮೇಲೆ ಅಳಿಸಲಾಗಿದೆ. ಆಮೇಲೆ ಮತ್ತೆ ಎಳೆಯಲಾಗಿದೆ.

2. ಮಿಸ್ ಶೋನಾ ಗಿಲ್‌ಫಿಲ್ಲನ್ ಅವರಿಗೆ, ಧನ್ಯವಾದಗಳೊಂದಿಗೆ.

3. ಶ್ರೀ ಡೂಗಲ್ ಬೇನ್ ಅವರಿಗೆ, ಕೊಟ್ಟಿಗೆಗೆ ಇನ್ನು ಬಿಡುಗಡೆ ಎಂದು ತಿಳಿಸಿ. ಅವರು ಪ್ರತಿಯನ್ನು ಓದಿ, "ಹಂಗಾದ್ರೆ ಇನ್ಮ್ಯಾಕೆ ಯಾರೂ ಬರಲ್ವಾ?" ಎಂದು ಕೇಳಿದ್ದು, ದನಿಯಲ್ಲಿ ಸ್ವಲ್ಪ ಬೇಸರ ಕಂಡುಬಂದಿರುತ್ತದೆ.

4. ಡಾ. ಆಲ್ಪಿನ್ ರೆಟ್ರೇ ಅವರಿಗೆ, ಒಂದು ಕಟ್ಟು ಖಾಲಿ ಚೀಟಿಗಳೊಂದಿಗೆ.

5. ಬ್ರೆಡ್ಡಿನ ಗಾಡಿಯವನಿಗೆ, ಅವನೀಗ ಗುರುವಾರದ ಪಾಳಿಯ ಸದಸ್ಯನಾಗಿರುವುದರಿಂದ.

6. ಮಿಸೆಸ್ ಯೂಫೀಮಿಯಾ ಟಲ್ಲಕ್ ಅವರಿಗೆ, ವ್ಯಾನಿನ ಕಿಟಕಿಯ ಮೂಲಕ. ಸದರಿಯವರು ಹದಿನಾಲ್ಕು ಕಲಮುಗಳನ್ನೂ ಓದಿ, ಕೆಳಸಹಿದಾರರ ಕೈಗೆ ಫ್ಲಾಸ್ಕಿನ ಚಹಾ ಕೊಟ್ಟು, "ಕೊನೇದನ್ನ ಖಾಲಿ ಬಿಟ್ಟಿದ್ದು ಒಳ್ಳೇದಾಯ್ತು ಮಗಾ. ಈಗ ಆ ಕಡೆ ತಿರುಗು" ಎಂದು ಸೂಚಿಸಿರುತ್ತಾರೆ.

7. ಗೂಡಿಗೆ. ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಸದರಿ ವಿಳಾಸದಲ್ಲಿ ಯಾರೂ ಇರಲಿಲ್ಲ. ಹಸಿವಾದಾಗ ಚಿಕ್ಕದೂ ಸೇರಿ ಮೂವರೂ ಮರಳುವರೆಂದು ತಿಳಿದುಬಂದಿರುವುದರಿಂದ, ಪ್ರತಿಯನ್ನು ಹಿಂದಿರುಗಿಸದೆ, ಕೆಳಸಹಿದಾರರು ಅಲ್ಲಿಯೇ ಕಾದು ನಿಂತಿರುತ್ತಾರೆ.